ಮುದ್ರಾ ಲೋನ್ ಮಾಡ್ಸಿ ಚಾ ಫ್ರಾಂಚೈಸಿ ಹಾಕೋರು ಮೊದ್ಲು ಇದನ್ನ ಓದಿ

ದಾವಣಗೆರೇಲಿ ಚಾ ಅಂಗಡಿ ನಡೆಯಲ್ಲ ಅಂದ್ರೆ ಯಾರೂ ನಂಬಲ್ಲ, ನಾನೂ ನಂಬ್ತಿರ್ಲಿಲ್ಲ. ಅದೇ ಧೈರ್ಯದ ಮೇಲೆ 2022ರಲ್ಲಿ ಒಂದು ಚಾ ಕಂಪನಿ ಫ್ರಾಂಚೈಸಿ, ಅಂದ್ರೆ ದುಡ್ಡು ಕಟ್ಟಿ ಅವರ ಹೆಸರಲ್ಲೇ ಅಂಗಡಿ ಹಾಕೋ ಹಕ್ಕು, ತಗೊಂಡೆ. ಫೀಸ್ 2.5 ಲಕ್ಷ, ಅದರ ಮೇಲೆ 18% ಜಿಎಸ್‌ಟಿ ಅಂತ 45,000, ಇಷ್ಟೂ ಹೆಂಡ್ತಿ ಬಳೆ ಅಡ ಇಟ್ಟು ಕಟ್ಟಿದ್ದು. ಮಿಷನ್ನು, ಇಂಟೀರಿಯರ್ರು, ಮೊದಲ ಸ್ಟಾಕು ಎಲ್ಲಕ್ಕೂ ಮುದ್ರಾ ಲೋನ್ 8 ಲಕ್ಷ. ಮುದ್ರಾ ಅಂದ್ರೆ ಸಣ್ಣ ವ್ಯಾಪಾರದೋರಿಗೆ ಅಂತ ಇರೋ ಸರ್ಕಾರದ ಸಾಲ ಯೋಜನೆ, ನಂದು ಅದರ ತರುಣ್ ಅನ್ನೋ ವರ್ಗದ್ದು.

ಕಂಪನಿ ಕಡೆಯವನು ಹೇಳಿದ್ದು "ಸರ್ ಇದು ಸರ್ಕಾರದ ಗ್ಯಾರಂಟಿ ಲೋನ್, ಆಸ್ತಿ ಅಡ ಕೇಳಲ್ಲ, 35% ಸಬ್ಸಿಡಿ ಬರುತ್ತೆ, ಅಂಗಡಿ ನಡೀಲಿಲ್ಲ ಅಂದ್ರೂ ಸರ್ಕಾರನೇ ನೋಡ್ಕೊಳ್ಳುತ್ತೆ". ಇದ್ರಲ್ಲಿ ಆಸ್ತಿ ಅಡ ಕೇಳಲ್ಲ ಅನ್ನೋದೊಂದೇ ಪೂರ್ತಿ ನಿಜ. ಮುದ್ರಾದಲ್ಲಿ ಸಬ್ಸಿಡಿನೇ ಇಲ್ಲ. ಅದಿರೋದು ಪಿಎಂಇಜಿಪಿ ಅನ್ನೋ ಕೇಂದ್ರ ಸರ್ಕಾರದ ಇನ್ನೊಂದು ಸ್ವಉದ್ಯೋಗ ಯೋಜನೇಲಿ, ಅಲ್ಲೂ 35% ಸಿಗೋದು ಹಳ್ಳಿ ಕಡೆ ಯೂನಿಟ್ ಹಾಕೋ ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ ಇಂಥೋರಿಗೆ, ಆ ದುಡ್ಡೂ ಮೂರು ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿ ಕೂತಿರುತ್ತೆ.

ಲೋನ್ ದುಡ್ಡು ನನ್ನ ಕೈಗೆ ಬರ್ಲೇ ಇಲ್ಲ, ಕೊಟೇಶನ್ ಪ್ರಕಾರ ಬ್ಯಾಂಕಿಂದ ಸೀದಾ ಕಂಪನಿ ಹೇಳಿದ ವೆಂಡರ್‌ಗೆ ಹೋಯ್ತು, 1.9 ಲಕ್ಷ ಹಾಕಿದ್ದ ಮಿಷನ್ನು ಆಮೇಲೆ ಬೆಂಗಳೂರಲ್ಲಿ ವಿಚಾರಿಸಿದ್ರೆ 70 ಸಾವಿರ.

ಚಾ ಅವರ ಪ್ರೀಮಿಕ್ಸ್ ಪುಡೀಲೇ (ಬಿಸಿನೀರಿಗೆ ಹಾಕಿದ್ರೆ ಸಾಕು ಅನ್ನೋ ರೆಡಿ ಪುಡಿ) ಮಾಡ್ಬೇಕು, ಹಾಲು ಕಾಯ್ಸೋ ಹಂಗಿಲ್ಲ. ಒಬ್ಬ ಹಿರಿಯರು ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟು "ತಮ್ಮಾ, ಚಾ ವಾಸನೆನೇ ಇಲ್ವಲ್ಲೋ" ಅಂದ್ರು. 25 ರೂಪಾಯಿ ಕೊಟ್ಟು ಹೋದೋರು ಮತ್ತೆ ಬರ್ಲಿಲ್ಲ. ಊರಿಗೂರೇ ಮಂಡಕ್ಕಿ ಮಿರ್ಚಿ ಜೊತೆ ಚಾ ಕುಡಿಯುತ್ತೆ, ನಾನು ಮಿರ್ಚಿ ಇಡ್ತೀನಿ ಅಂದ್ರೆ ಅಗ್ರಿಮೆಂಟಲ್ಲಿ ಬೇರೆ ಐಟಂ ಮಾರಂಗಿಲ್ಲ ಅಂತಿತ್ತು.

ದಿನಕ್ಕೆ 200 ಕಪ್ ಗ್ಯಾರಂಟಿ ಅಂದಿದ್ರು, ಹೋಗಿದ್ದು 65. ತಿಂಗಳಿಗೆ ಹತ್ರತ್ರ 49 ಸಾವಿರ ವ್ಯಾಪಾರ, ಅದ್ರಲ್ಲಿ ಪುಡಿ, ಕಪ್ ಅಂತ 17 ಸಾವಿರ, ಬಾಡಿಗೆ 15, ಹುಡುಗನ ಸಂಬಳ 12, ಕರೆಂಟು 3, ಇಎಂಐ 17 ಸಾವಿರದ ಮೇಲೆ, ಜೊತೆಗೆ ಕಂಪನಿಗೆ ಅವರ ಹೆಸರು ಬಳಸಿದ್ದಕ್ಕೆ 5% ರಾಯಲ್ಟಿ, ಅದೂ ಲಾಭದ ಮೇಲಲ್ಲ ವ್ಯಾಪಾರದ ಮೇಲೆ. ಎಂಟೇ ತಿಂಗಳಿಗೆ ಬಾಗಿಲು ಹಾಕ್ದೆ.

ಮೂರು ಕಂತು ನಿಂತ ಮೇಲೆ ಲೋನು ಎನ್‌ಪಿಎ, ಅಂದ್ರೆ ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ, ಆಯ್ತು, ಸರ್ಕಾರದ ಗ್ಯಾರಂಟಿ ಇದೆಯಲ್ಲ ಸರ್ ಅಂತ ಮ್ಯಾನೇಜರ್ ಹತ್ರ ಕೇಳ್ದೆ. ಪಾಪ ಅವರು ಬೈಲಿಲ್ಲ, "ಗ್ಯಾರಂಟಿ ಬ್ಯಾಂಕಿಗಪ್ಪಾ, ನಿಮಗಲ್ಲ, ನಮಗೆ ಅಲ್ಲಿಂದ ಕ್ಲೈಮ್ ಬಂದ್ರೂ ನೀವು ಕಟ್ಟೋದು ತಪ್ಪಲ್ಲ" ಅಂದ್ರು. ಮಿಷನ್ ಮಾರೋಣ ಅಂದ್ರೆ ಅದು ಬ್ಯಾಂಕ್ ಹೈಪಾಥಿಕೇಶನ್‌ನಲ್ಲಿದೆ (ಸಾಲಕ್ಕೆ ಭದ್ರತೆಯಾಗಿ ಬ್ಯಾಂಕಿನ ಹಕ್ಕಲ್ಲಿದೆ), ಮಾರೋಕೆ ಅವರ ಎನ್‌ಒಸಿ, ಅಂದ್ರೆ ಒಪ್ಪಿಗೆ ಪತ್ರ, ಬೇಕು. ಕಂಪನಿ ಮೇಲೆ ಕೇಸ್ ಹಾಕೋಣ ಅಂದ್ರೆ ಏನೇ ತಕರಾರಿದ್ರೂ ಅವರ ಊರಿನ ಕೋರ್ಟಲ್ಲೇ ಅಂತ ನಾನೇ ಸೈನ್ ಹಾಕಿದ್ದೀನಿ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಾನೇ ಪ್ರತ್ಯೇಕ ಕಾನೂನೂ ಇಲ್ಲ, ಹಳೇ ಅಂಗಡಿಗಳ ನಿಜವಾದ ಲೆಕ್ಕ ತೋರ್ಸು ಅಂತ ಅವರನ್ನ ಕಟ್ಟಿಹಾಕೋರೂ ಯಾರಿಲ್ಲ.

ದಯವಿಟ್ಟು ಅಡ್ವಾನ್ಸ್ ಕೊಡೋಕೆ ಮುಂಚೆ ಅದೇ ಬ್ರ್ಯಾಂಡಿನ ಎರಡು ಅಂಗಡಿ ನೀವೇ ಹುಡುಕ್ಕೊಂಡು ಹೋಗಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಕೂತು ಕಪ್ ಎಣಿಸಿ, ಓನರ್ ಹತ್ರ ಮಾತಾಡಿ. ಕಂಪನಿಯವರು ಕೊಡೋ ನಂಬರಿಗೆ ಫೋನ್ ಮಾಡಿ ಸುಮ್ನಾಗ್ಬೇಡಿ. ನಾನು ಹಂಗೇ ಮಾಡಿದ್ದೆ, "ಸೂಪರ್ ನಡೀತಿದೆ ಅಣ್ಣಾ" ಅಂದವನು ಅವರದ್ದೇ ಸ್ಟಾಫು ಅಂತ ಗೊತ್ತಾಗಿದ್ದು ಅಂಗಡಿ ಮುಚ್ಚಿದ ಮೇಲೆ.