ಶಾಲೆ ಕಟ್ಟಲು ನೇಪಾಳಕ್ಕೆ ಕಳುಹಿಸುವ ಹುಬ್ಬಳ್ಳಿಯ ಸಂಸ್ಥೆ: ಕಚೇರಿಗಿಂತ ಕಾಮಗಾರಿ ಮೇಲು

ಕಾಲೇಜು ವಿದ್ಯಾರ್ಥಿಗಳನ್ನು ಶಾಲೆ ಕಟ್ಟುವ ಸ್ವಯಂಸೇವೆಗೆಂದು ಹೊರದೇಶಗಳಿಗೆ ಕಳುಹಿಸುವ, ವಿದ್ಯಾನಗರದಲ್ಲಿ ಕಚೇರಿಯಿರುವ ಈ ಸಂಸ್ಥೆಯ ಮೂಲಕ ನನ್ನ ಮಗಳು ಕಳೆದ ಚಳಿಗಾಲದಲ್ಲಿ ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಗೆ ಹೋಗಿಬಂದಳು. ಧಾರವಾಡದಲ್ಲಿ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆಯೇ ನನ್ನ ಉದ್ಯೋಗವಾದ್ದರಿಂದ, ಅವಳು ತಂದ ಫೋಟೋಗಳಲ್ಲಿ ನಗುವ ಮುಖಗಳಿಗಿಂತ ಹೆಚ್ಚಾಗಿ ಹಿಂದಿದ್ದ ಕಂಬಗಳನ್ನೂ ಕಬ್ಬಿಣದ ಸಳಿಗಳನ್ನೂ ನೋಡಿದೆ. ಹುಬ್ಬಳ್ಳಿಯ ಕಚೇರಿಯಲ್ಲಿ ಆಡುವ ಮಾತಿಗೂ ಅಲ್ಲಿನ ಗುಡ್ಡದ ಮೇಲೆ ನಡೆಯುವ ಕೆಲಸಕ್ಕೂ ಅಜಗಜಾಂತರವಿದೆ. ಸಮಾಧಾನದ ಸಂಗತಿಯೆಂದರೆ, ಈ ಸಲ ಮಾತು ದೊಡ್ಡದಾಗಿ ಕೆಲಸ ಸಣ್ಣದಾಗಿಲ್ಲ. ಮಾತು ಹಗುರ, ಕೆಲಸವೇ ಗಟ್ಟಿ.

ಕರಪತ್ರದ ಮೊದಲ ಪುಟದಲ್ಲಿ, ಎರಡು ವಾರಗಳಲ್ಲಿ ನಿಮ್ಮ ಕೈಯಾರೆ ಒಂದು ಶಾಲೆ ಕಟ್ಟಿ ಬನ್ನಿ ಎಂದು ಬರೆದಿದೆ. ಗಾರೆ ಕಲಸಿ ಗೊತ್ತಿಲ್ಲದ ಇಪ್ಪತ್ತರ ಹರೆಯದ ಮಕ್ಕಳು ಎರಡು ವಾರದಲ್ಲಿ ಶಾಲೆ ಕಟ್ಟಿದರೆ ಆ ಶಾಲೆಯೊಳಗೆ ಯಾರ ಮಕ್ಕಳನ್ನು ಕೂರಿಸಬೇಕು? 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ಕಂಡ ಊರಿನವರು ಇಂಥ ಮಾತಿಗೆ ಮರುಳಾಗಬಾರದು. ನೇಪಾಳದಲ್ಲಂತೂ ಈ ಪ್ರಶ್ನೆ ಇನ್ನೂ ಗಂಭೀರ. 2015ರ ಏಪ್ರಿಲ್ 25ರಂದು ನಡುಹಗಲಿನ ಹೊತ್ತಿಗೆ 7.8 ತೀವ್ರತೆಯ ಭೂಕಂಪವಾದಾಗ ಸಾವಿರಾರು ಶಾಲಾ ಕೊಠಡಿಗಳು ನೆಲಕಚ್ಚಿದವು. ಅಂದು ಶನಿವಾರ, ಅಲ್ಲಿನ ಶಾಲೆಗಳಿಗೆ ವಾರದ ರಜೆ. ಅದೊಂದೇ ಕಾರಣಕ್ಕೆ ಅಸಂಖ್ಯ ಮಕ್ಕಳು ಉಳಿದರು. ಸಿಂಧುಪಾಲ್ಚೋಕ್ ಅತಿ ಹೆಚ್ಚು ಜನ ಸತ್ತ ಜಿಲ್ಲೆ. ಅಲ್ಲಿ ಮತ್ತೆ ಏಳುವ ಪ್ರತಿ ಗೋಡೆಯೂ ಮುಂದಿನ ಕಂಪನಕ್ಕೆ ಲೆಕ್ಕ ಕೊಡಬೇಕಾದದ್ದು.

ಮಗಳು ಹೋದ ಊರಿನಲ್ಲಿ ನಡೆಯುತ್ತಿದ್ದದ್ದು ಹೊಸ ಶಾಲೆಯಲ್ಲ. ಇದ್ದ ಶಾಲೆಯ ತಗಡಿನ ತಾತ್ಕಾಲಿಕ ಕೊಠಡಿಗಳ ಜಾಗದಲ್ಲಿ ಎರಡು ಪಕ್ಕಾ ಕೊಠಡಿ ಮತ್ತು ಹೆಣ್ಣುಮಕ್ಕಳ ಶೌಚಾಲಯ. ಕಂಬ, ತೊಲೆ, ಗೋಡೆಯ ಕೆಲಸವನ್ನೆಲ್ಲ ಮಾಡಿದವರು ಆ ಊರಿನ ಮಿಸ್ತ್ರಿಗಳೇ. ನಮ್ಮ ಹುಡುಗ ಹುಡುಗಿಯರು ಉಸುಕು ಸೋಸಿದರು, ರಸ್ತೆಯಿಂದ ಮೇಲಕ್ಕೆ ಸಿಮೆಂಟಿನ ಚೀಲ ಹೊತ್ತರು, ಕಂಬಗಳಿಗೆ ಗೋಣಿ ಸುತ್ತಿ ನೀರುಣಿಸಿದರು, ಕೊನೆಗೆ ಬಣ್ಣ ಬಳಿದರು. ಅಂದರೆ ಗೌಂಡಿಯ ಕೈಕೆಳಗಿನ ಆಳುಗಳಾಗಿ ದುಡಿದರು. ಇದನ್ನು ಕೆಲವು ಪಾಲಕರು ದೂರಾಗಿ ಹೇಳುವುದನ್ನು ಕೇಳಿದ್ದೇನೆ. ನನ್ನ ಪ್ರಕಾರ ಈ ಸಂಸ್ಥೆಯ ಅತ್ಯುತ್ತಮ ಗುಣವೇ ಅದು.

ಒಂದು ಉದಾಹರಣೆ ಹೇಳಲೇಬೇಕು. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಮಗಳಿಗೆ, ಕಂಬದ ಉದ್ದ ಸಳಿಗಳನ್ನು ಸುತ್ತಿ ಹಿಡಿಯುವ ರಿಂಗ್ ಬಾಗಿಸುವ ಕೆಲಸ ಕೊಟ್ಟರು. ಅವಳು ಇಲ್ಲಿ ನೋಡಿದ ರೂಢಿಯಂತೆ ಸಳಿಯ ತುದಿಗಳನ್ನು 90 ಡಿಗ್ರಿಗೆ ಮಡಿಚಿ ಒಂದು ರಾಶಿ ರಿಂಗ್ ಮಾಡಿಟ್ಟಳು. ಮಧ್ಯಾಹ್ನ ಬಂದ ಹಿರಿಯ ಮಿಸ್ತ್ರಿ ಒಂದನ್ನು ಕೈಗೆತ್ತಿಕೊಂಡು, ಏನೂ ಬಯ್ಯದೆ, ಇಡೀ ರಾಶಿಯನ್ನು ಬದಿಗೆ ತಳ್ಳಿ, ತುದಿಗಳು 135 ಡಿಗ್ರಿಗೆ ಬಾಗಿ ಕಂಬದ ಹೊಟ್ಟೆಯೊಳಕ್ಕೆ ಚಾಚುವಂತೆ ಹೊಸದೊಂದನ್ನು ಮಾಡಿ ತೋರಿಸಿದನಂತೆ. ಭೂಕಂಪದಲ್ಲಿ ಕಂಬದ ಹೊರಪದರ ಉದುರಿದಾಗ 90 ಡಿಗ್ರಿಯ ಕೊಂಡಿ ಬಿಚ್ಚಿಕೊಳ್ಳುತ್ತದೆ, ರಿಂಗ್ ಬಿಚ್ಚಿದರೆ ಉದ್ದ ಸಳಿಗಳು ಹೊರಕ್ಕೆ ಉಬ್ಬುತ್ತವೆ, ಕಂಬ ಕೂರುತ್ತದೆ. 135 ಡಿಗ್ರಿಯ ಕೊಂಡಿ ಒಳಗಿನ ಕಾಂಕ್ರೀಟನ್ನು ಕಚ್ಚಿ ಹಿಡಿದಿರುತ್ತದೆ. ಭಾರತದ ಮಾನಕದಲ್ಲೂ ಈ ನಿಯಮವಿದೆ, ಮಗಳ ಪಠ್ಯದಲ್ಲೂ ಇದೆ. ನಮ್ಮ ಕಡೆಯ ಎಷ್ಟು ಸೈಟುಗಳಲ್ಲಿ ಅದನ್ನು ಪಾಲಿಸುತ್ತಾರೆಂಬುದನ್ನು ಇಲ್ಲಿ ಬರೆಯುವುದು ಬೇಡ. ರಾಶಿ ಹಾಕಿದ್ದ ಸಳಿಯನ್ನು ಮತ್ತೆ ನೇರಮಾಡಿ ಬಳಸಲು ಬಿಡಲಿಲ್ಲ ಎಂಬುದು ನನಗೆ ಇನ್ನೂ ಹಿಡಿಸಿತು. ಒಮ್ಮೆ ಬಾಗಿಸಿದ ಸಳಿಯನ್ನು ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ಬಾಗಿದ ಜಾಗದಲ್ಲಿ ಅದು ಬಿರುಕು ಬಿಡಬಹುದು. ಉಸ್ತುವಾರಿಗೆ ಒಬ್ಬ ಸ್ಥಳೀಯ ಎಂಜಿನಿಯರ್ ಇದ್ದರು, ಸುರಿಮಳೆಯಂತೆ ಫೋಟೋ ತೆಗೆಯುವ ಹುಡುಗರನ್ನು ಕಾಂಕ್ರೀಟ್ ಹಾಕುವ ದಿನ ದೂರ ನಿಲ್ಲಿಸಿದರು ಎಂದೂ ಕೇಳಿದೆ.

ಊಟ ವಸತಿಗೆ ಹೆಚ್ಚು ಹೇಳುವುದಿಲ್ಲ. ಊರಿನ ಮನೆಗಳಲ್ಲೇ ಇರಿಸಿದ್ದರು, ಎರಡು ಹೊತ್ತು ದಾಲ್ ಭಾತ್, ಒಮ್ಮೊಮ್ಮೆ ನಮ್ಮ ಮುದ್ದೆಯಂಥ ರಾಗಿಯ ಢಿಂಡೊ. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲ ಎನ್ನುವವರು ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಲೇಸು.

ಇನ್ನು ದುಡ್ಡಿನ ವಿಷಯ, ಅಂದರೆ ನನ್ನ ತಕರಾರು. ಶುಲ್ಕದ ಚೀಟಿಯಲ್ಲಿ ವೀಸಾ ಮತ್ತು ದಾಖಲೆ ವೆಚ್ಚ ಎಂಬ ಒಂದು ಸಾಲಿತ್ತು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲವೆಂಬುದು ಇಂಥ ವ್ಯವಹಾರ ಮಾಡುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಮಾತ್ರ ಇದ್ದರೆ ಕಾಲೇಜು ವಯಸ್ಸಿನವರಿಗೆ ನಡೆಯುವುದಿಲ್ಲ. ಕೇಳಿದಾಗ, ಎಲ್ಲ ದೇಶಗಳಿಗೂ ಒಂದೇ ಚೀಟಿ ಸಾರ್ ಎಂದರು. ಪಟ್ಟು ಹಿಡಿದ ಮೇಲೆ ಆ ಹಣ ವಾಪಸು ಬಂತು. ಇದೇ ಸಂಸ್ಥೆ ತಾಂಜಾನಿಯಾಕ್ಕೂ ಕಳುಹಿಸುತ್ತದೆ. ಅಲ್ಲಿ ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡುವಂತಿಲ್ಲ, ಅದಕ್ಕೆಂದೇ ಬೇರೆ ಪರವಾನಗಿ ಬೇಕು. ಆ ಕಡೆ ಹೋಗುವವರು ಯಾವ ಪರವಾನಗಿ ಮಾಡಿಸಿಕೊಡುತ್ತಾರೆಂದು ಬರವಣಿಗೆಯಲ್ಲಿ ಪಡೆಯಬೇಕು. ಶುಲ್ಕದಲ್ಲಿ ಶಾಲೆಗೆ ಹೋಗುವ ಪಾಲೆಷ್ಟು ಎಂಬ ಪ್ರಶ್ನೆಗೆ ಉತ್ತರ ಹೊರಡಿಸಲು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಬಂದ ಉತ್ತರ ಮಾತ್ರ ಕೆಟ್ಟದ್ದೇನಲ್ಲ: ಒಂದು ಪಾಲು ಸಾಮಗ್ರಿಗೆ, ಇನ್ನೊಂದು ಪಾಲು ಮಿಸ್ತ್ರಿಗಳ ಕೂಲಿಗೆ. ಕಾಲೇಜಿನ ಮಕ್ಕಳು ಬಂದು ಪುಕ್ಕಟೆ ದುಡಿದು ಊರಿನವರ ಕೂಲಿ ಕಸಿದುಕೊಂಡರು ಎಂಬ ಆಪಾದನೆ ಇಂಥ ಕಾರ್ಯಕ್ರಮಗಳ ಮೇಲೆ ಸದಾ ಇರುವುದರಿಂದ ಈ ಲೆಕ್ಕವನ್ನೇ ಕರಪತ್ರದಲ್ಲಿ ಅಚ್ಚುಹಾಕಬಹುದಿತ್ತು.

ಸುತರಾಂ ಒಪ್ಪಲಾಗದ್ದು ಒಂದಿದೆ. ಹೆಚ್ಚುವರಿ ಹಣಕ್ಕೆ ಕಾಠ್ಮಂಡುವಿನ ಅನಾಥಾಲಯದಲ್ಲಿ ಒಂದು ದಿನ ಮಕ್ಕಳೊಂದಿಗೆ ಕಳೆಯುವ ಅವಕಾಶ ಎಂದು ಸಂಸ್ಥೆ ಮಾರುತ್ತಿದೆ. ನೇಪಾಳದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ, ಹೊರಗಿನವರ ಕನಿಕರದ ಹಣವೇ ಮಕ್ಕಳನ್ನು ಮನೆಯಿಂದ ಎಳೆದು ತರುತ್ತಿದೆ ಎಂದು ಯುನಿಸೆಫ್ ಭೂಕಂಪದ ವರ್ಷದಲ್ಲೇ ಎಚ್ಚರಿಸಿತ್ತು. ಇಂಥ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಆಸ್ಟ್ರೇಲಿಯಾ 2018ರಲ್ಲಿ ಗುರುತಿಸಿತು. ಇಷ್ಟಾದ ಮೇಲೂ ಆ ಸಾಲು ದರಪಟ್ಟಿಯಲ್ಲಿ ಉಳಿದಿರುವುದು ಅಕ್ಷಮ್ಯ. ಮಗಳು ಹೋಗಲಿಲ್ಲ, ತಂಡದ ಉಳಿದ ಕೆಲವರು ಹೋದರು.

ಈ ಸಂಸ್ಥೆಯ ಶುಲ್ಕ ಕೊಡಲಾಗದವರಿಗೆ ಬೇರೆ ದಾರಿಯೂ ಇದೆ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಘಟನೆಯ ಶಿಬಿರಗಳಲ್ಲಿ ಸಾಮಾನ್ಯವಾಗಿ ಪ್ರಯಾಣದ ಖರ್ಚು ಮತ್ತು ಸಣ್ಣ ಶುಲ್ಕ ನಮ್ಮದು, ಊಟ ವಸತಿ ಶಿಬಿರದವರದು. ಅದನ್ನು ಹುಟ್ಟುಹಾಕಿದ ಸ್ವಿಸ್ ಎಂಜಿನಿಯರ್ ಪಿಯೆರ್ ಸೆರೆಸೋಲ್, 1920ರಲ್ಲಿ ಫ್ರಾನ್ಸಿನ ವರ್ದುನ್ ಬಳಿಯ ಯುದ್ಧದಿಂದ ಹಾಳಾದ ಹಳ್ಳಿಯಲ್ಲಿ ಕೆಲಸ ಆರಂಭಿಸಿದವನು, 1934ರ ಬಿಹಾರ-ನೇಪಾಳ ಭೂಕಂಪದ ನಂತರ ಬಿಹಾರಕ್ಕೇ ಬಂದು ಹಳ್ಳಿಗಳ ಮರುನಿರ್ಮಾಣಕ್ಕೆ ಸಲಿಕೆ ಹಿಡಿದ. ಆಗ ಹೊರದೇಶದ ಸ್ವಯಂಸೇವಕರನ್ನು ಬರಮಾಡಿಕೊಂಡ ನಾಡು ನಮ್ಮದು.

2019ರ ನೆರೆಯಲ್ಲಿ ನರಗುಂದ, ರೋಣದ ಕಡೆಯ ಊರುಗಳು ಮುಳುಗಿದ್ದಾಗ ಈ ಉತ್ಸಾಹ ಎಲ್ಲಿತ್ತು ಎಂದು ನನ್ನ ಗದಗಿನ ಬೀಗರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಂಸ್ಥೆಯ ಕಚೇರಿಯಲ್ಲಿ ಅದನ್ನೇ ಕೇಳಿದಾಗ, ಅಂಥದ್ದಕ್ಕೆ ಬೇಡಿಕೆ ಇಲ್ಲ ಎಂಬ ಪ್ರಾಮಾಣಿಕ ಉತ್ತರ ಸಿಕ್ಕಿತು.

ಸೇರುವವರು ತಿಂಗಳನ್ನು ನೋಡಿ ಸೇರಬೇಕು. ರಿಯಾಯಿತಿ ದರದಲ್ಲಿ ಜುಲೈ ತಂಡವೊಂದನ್ನು ಈಗ ಪ್ರಚಾರ ಮಾಡುತ್ತಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ, ಸಿಂಧುಪಾಲ್ಚೋಕಿನ ರಸ್ತೆಗಳ ಮೇಲೆ ಗುಡ್ಡ ಜರಿಯುವ ಕಾಲ, ಕಾಂಕ್ರೀಟ್ ಕೆಲಸವೂ ಸರಿಯಾಗಿ ಸಾಗದ ಕಾಲ. ನೇಪಾಳದವರ ದಸೈಂ ಹಬ್ಬ, ಅಂದರೆ ನಮ್ಮ ದಸರೆ, ಮುಗಿದ ಮೇಲೆ ಹೊರಡುವ ತಂಡಕ್ಕೆ ಹೆಸರು ಕೊಡಿ, ಅನಾಥಾಲಯದ ಸಾಲನ್ನು ಹೊಡೆದುಹಾಕಿಸಿ ಸಹಿ ಮಾಡಿ.