ಅವಸರ ಮಾಡದ ಸಮಾಲೋಚನೆ: ಧಾರವಾಡದ ಒಂದು ಕೇಂದ್ರದ ಬಗ್ಗೆ

ಧಾರವಾಡದ ಸಪ್ತಾಪುರ ಭಾಗದಲ್ಲಿ, ಒಂದು ಮನೆಯ ಮಹಡಿಯ ಮೇಲೆ ನಡೆಯುವ ಕುಟುಂಬ ಸಮಾಲೋಚನಾ ಕೇಂದ್ರಕ್ಕೆ ನಮ್ಮ ಮನೆಯವರು ವರ್ಷಕ್ಕೂ ಹೆಚ್ಚು ಕಾಲ ಹೋಗಿ ಬಂದಿದ್ದೇವೆ. ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಓದು ಮುಗಿಸಿದ ಮೇಲೆ ತಾನು ಗಂಡೆಂದು ಮನೆಯಲ್ಲಿ ತಿಳಿಸಿದ ನನ್ನ ತಮ್ಮನನ್ನು ಹುಬ್ಬಳ್ಳಿಯ ನಮ್ಮ ಕೂಡು ಕುಟುಂಬ ಹೇಗೆ ಒಪ್ಪಿಕೊಳ್ಳಬೇಕೆಂಬುದೇ ಅಲ್ಲಿಗೆ ಹೋಗಲು ಕಾರಣವಾಗಿತ್ತು. ಹೆಸರು ಬರೆದರೆ ಬಲ್ಲವರಿಗೆ ನಮ್ಮ ಮನೆಯ ಗುರುತು ಹತ್ತುತ್ತದೆ ಎಂಬ ಕಾರಣಕ್ಕೆ ಕೇಂದ್ರದ ಹೆಸರನ್ನು ಬಿಟ್ಟಿದ್ದೇನೆ. ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ತಿಳಿಯಲು ಹೆಸರಿನ ಅಗತ್ಯವೂ ಇಲ್ಲ.

ಇಲ್ಲಿಗೆ ಬರುವ ಮೊದಲು ನಾವು ಬೇರೊಬ್ಬ ವೈದ್ಯರ ಬಳಿ ಹೋಗಿದ್ದೆವು. ಅವರು ಕೆಲವೇ ತಿಂಗಳಲ್ಲಿ "ಹುಡುಗಿಯನ್ನು ಸರಿ ಮಾಡಿ ಕೊಡುವ" ಭರವಸೆಯನ್ನಿತ್ತು ಮುಂಗಡ ಕೇಳಿದ್ದರು. ವ್ಯಕ್ತಿಯ ಲಿಂಗತ್ವವನ್ನು ಬಲವಂತದಿಂದ ತಿದ್ದಲು ಹೊರಡುವ ಇಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲೇ ವೃತ್ತಿ ದುರ್ನಡತೆ ಎಂದು ಹೇಳಿದೆ ಎಂಬುದು ನಮಗೆ ಗೊತ್ತಾದದ್ದು ಈ ಕೇಂದ್ರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ಹುಟ್ಟಿದಾಗ ದಾಖಲಾದ ಲಿಂಗಕ್ಕೂ ವ್ಯಕ್ತಿ ತಾನೇ ಅರಿತ ಲಿಂಗತ್ವಕ್ಕೂ ಹೊಂದಿಕೆಯಾಗದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದ್ದಾರೆ ಎಂಬುದನ್ನೂ ಸಮಾಲೋಚಕಿ ಮೊದಲ ಭೇಟಿಯಲ್ಲೇ ವಿವರಿಸಿದರು. ನಂತರ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಹುಡುಗನಿಗೆ ತಾನು ಯಾರೆಂಬುದು ತಿಳಿದಿರುವುದರಿಂದ ಸದ್ಯಕ್ಕೆ ಅವನು ಬರಬೇಕಾಗಿಲ್ಲ, ಗೊಂದಲ ಯಾರಿಗಿದೆಯೋ ಅವರು ಬರಲಿ ಎಂದರು. ಅಷ್ಟು ದಿನ ಮನೆಯ ಪ್ರತಿಯೊಬ್ಬರ ಪ್ರಶ್ನೆಗೂ ಉತ್ತರ ಕೊಟ್ಟು ದಣಿದಿದ್ದ ತಮ್ಮನಿಗೆ ಆ ಒಂದು ಮಾತೇ ದೊಡ್ಡ ಬಿಡುವಾಯಿತು.

ಈ ಕೇಂದ್ರದ ನಿಜವಾದ ಹೆಚ್ಚುಗಾರಿಕೆಯೆಂದರೆ, ಮನೆಯವರೆಲ್ಲರಿಗೂ ಒಂದೇ ಉಪದೇಶ ಮಾಡದೆ, ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿಕೊಂಡು ಅವರ ಅಂಜಿಕೆ ಎಲ್ಲಿದೆ ಎಂದು ಹುಡುಕುವುದು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ನಮ್ಮ ಅಪ್ಪ ಕಾಗದ ಪತ್ರಗಳ ಮನುಷ್ಯ. ಅವರ ಚಿಂತೆಯೆಲ್ಲ ಶಾಲೆಯ ದಾಖಲೆ, ಆಧಾರ್ ಕಾರ್ಡು ಮತ್ತು ಪಿಂಚಣಿಯ ನಾಮನಿರ್ದೇಶನದ ಸುತ್ತಲೇ ಇತ್ತು. ಸಮಾಲೋಚಕಿ ಅವರೊಂದಿಗೆ ಭಾವನೆಗಳ ಬಗ್ಗೆ ಮಾತಾಡಲು ಹೋಗಲಿಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ, ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿದು ಕೊಟ್ಟ ತೀರ್ಪಿನ ಮುಖ್ಯ ಭಾಗಗಳನ್ನೂ, ಗುರುತಿನ ಪ್ರಮಾಣಪತ್ರ ನೀಡುವ ಹೊಣೆಯನ್ನು ಜಿಲ್ಲಾಧಿಕಾರಿಗೆ ವಹಿಸಿರುವ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆಯನ್ನೂ ಅವರ ಕೈಗಿತ್ತು, ಓದಿಕೊಂಡು ಬರಲು ಹೇಳಿದರು. ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ, ಅರ್ಜಿ ಹಾಕುವ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲೇ ವಿಚಾರಿಸಬೇಕು ಎಂದೂ ಎಚ್ಚರಿಸಿದರು. ಅಪ್ಪ ಕೆಂಪು ಪೆನ್ನಿನಿಂದ ಗೆರೆ ಎಳೆದುಕೊಂಡು ಓದಿದರು. ಸರಕಾರದ ಕಾಗದದಲ್ಲಿ ತಮ್ಮ ಮಗನಂಥವರಿಗೆ ಒಂದು ಜಾಗವಿದೆ ಎಂದು ಖಾತ್ರಿಯಾದ ಮೇಲೆಯೇ ಅವರು ಅವನ ಮುಖ ನೋಡಿ ಮಾತಾಡತೊಡಗಿದ್ದು.

ಅವ್ವನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ, ಪರಕಾರ ಪೋಲಕ ತೊಟ್ಟು ಎರಡು ಜಡೆ ಹಾಕಿಕೊಂಡ ಮಗುವಿನ ಒಂದು ಫೋಟೋ ಇತ್ತು. ಆ ಫೋಟೋ ತೆಗೆಯಬೇಕೆಂದು ತಮ್ಮ, ತೆಗೆಯಕೂಡದೆಂದು ಅವ್ವ ಹಟ ಹಿಡಿದು, ಮನೆಯ ಜಗಳವೆಲ್ಲ ಅದೊಂದರ ಸುತ್ತ ನಿಂತಿತ್ತು. ಸಮಾಲೋಚಕಿ ಯಾರ ಪಕ್ಷವನ್ನೂ ವಹಿಸದೆ, ಆ ಪೋಲಕ ಹೊಲಿದವರು ಯಾರು, ಜಡೆ ಹಾಕಿದವರು ಯಾರು ಎಂದು ಅವ್ವನನ್ನು ಕೇಳುತ್ತ ಹೋದರು. ಇಳಕಲ್ ಸೀರೆಯ ಸೆರಗು ಕತ್ತರಿಸಿ ತಾನೇ ಹೊಲಿದದ್ದನ್ನು ಹೇಳುತ್ತ ಹೇಳುತ್ತ ಅವ್ವ ಅತ್ತಳು. ತಾನು ಮಗಳಿಗೆಂದು ಮಾಡಿದ ಆರೈಕೆಯೆಲ್ಲ ಸುಳ್ಳಾಯಿತೇ ಎಂಬ ಸಂಕಟ ಆಗ ಹೊರಗೆ ಬಂತು. ಅದನ್ನು ಕೇಳಿಸಿಕೊಂಡ ತಮ್ಮ ಫೋಟೋ ಅವ್ವನ ಕಪಾಟಿನಲ್ಲಿ ಇರಲಿ ಎಂದ, ಅವ್ವನೂ ಒಪ್ಪಿದಳು. ದುಃಖ ಪಡಲು ತಾಯಿಗೆ ಅವಕಾಶ ಕೊಡಬೇಕು, ಆದರೆ ಆ ದುಃಖದ ಭಾರವನ್ನು ಮಗನ ತಲೆಯ ಮೇಲೆ ಹೇರಬಾರದು ಎಂಬ ಎಚ್ಚರ ಸಮಾಲೋಚಕಿಯ ಪ್ರತಿ ಮಾತಿನಲ್ಲೂ ಕಾಣುತ್ತಿತ್ತು.

ಎಲ್ಲರಿಗಿಂತ ಮೊದಲು ಒಪ್ಪಿದವರು ಆಯಿ, ಅಂದರೆ ನಮ್ಮ ಅಜ್ಜಿ. ಎಲ್ಲಮ್ಮನ ಗುಡ್ಡದ ಜೋಗತಿಯರನ್ನು ಚಿಕ್ಕಂದಿನಿಂದ ಕಂಡವರಿಗೆ, ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಟಿವಿಯ ಮುಂದೆ ಕೈಮುಗಿದವರಿಗೆ, ಇದು ತೀರ ಹೊಸ ಸಂಗತಿ ಎನಿಸಲಿಲ್ಲ. "ಎಲ್ಲವ್ವನ ಆಟ, ಗುಡ್ಡಕ್ಕ ಹೋಗಿ ಪಡಲಗಿ ತುಂಬಿಸ್ಕೊಂಡು ಬರೂಣು" ಎಂದರು. ಸಮಸ್ಯೆಯಿದ್ದದ್ದೂ ಅಲ್ಲಿಯೇ. ಗಂಡಾಗಿ ಹುಟ್ಟಿ ಹೆಣ್ಣಾದವರಿಗೆ ನಮ್ಮ ಭಾಗದಲ್ಲಿ ದೇವಿಯ ಹೆಸರಿನ ಒಂದು ಹಳೆಯ ದಾರಿಯಿದೆ. ನನ್ನ ತಮ್ಮನಂತೆ ಹೆಣ್ಣಿನಿಂದ ಗಂಡಾದವರಿಗೆ ಅಂಥ ದಾರಿಯಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ಬ್ಯಾಂಕಿನ ನೌಕರಿ ಮತ್ತು ಒಂದು ಬೈಕು. ಆಯಿಯ ಭಕ್ತಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ಮೊಮ್ಮಗನಾಗಿ ಜೊತೆಗೆ ಹೋಗಲು ಅವನಿಗೆ ಮನಸ್ಸಿದ್ದರೆ ಹೋಗಿ ಬನ್ನಿ, ಹರಕೆ ಕಟ್ಟಿ ಅವನನ್ನು ದೇವರಿಗೆ ಒಪ್ಪಿಸುವ ಮಾತು ಮಾತ್ರ ಬೇಡ ಎಂದು ಸಮಾಲೋಚಕಿ ತಿಳಿಹೇಳಿದ ರೀತಿ ಈ ನೆಲದ ಬಳಕೆ ಬಲ್ಲವರಿಗೆ ಮಾತ್ರ ಸಾಧ್ಯ.

ಮಾತು ಬದಲಿಸುವ ಅಭ್ಯಾಸವನ್ನು ಅವರು ಹಂತ ಹಂತವಾಗಿ ಮಾಡಿಸಿದರು. ಎದುರಿಗೆ ನಿಂತು "ಯಾವಾಗ ಬಂದಿ, ಊಟಾ ಮಾಡಿದೇನು" ಎನ್ನುವಾಗ ಹೆಣ್ಣು ಗಂಡಿನ ಭೇದವೇ ಬರುವುದಿಲ್ಲವಾದ್ದರಿಂದ, ಮೊದಲು ಅವನ ಬಗ್ಗೆ ಮಾತಾಡುವುದನ್ನು ಬಿಟ್ಟು ಅವನೊಂದಿಗೆ ಮಾತಾಡಿ ಎಂದರು. ಆಮೇಲೆ ಹೊಸ ಹೆಸರು, ಕೊನೆಗೆ "ಬಂದಾನ, ಹೋದ". ಕೇಳಲು ಸಣ್ಣ ಉಪಾಯವಾದರೂ, ಅಪ್ಪ ಅವ್ವ ನಾಲಿಗೆ ತೊಡರದೆ ಮುಂದೆ ಸಾಗಿದ್ದು ಇದರಿಂದಲೇ.

ಇನ್ನು ಕೊರತೆಗಳು. ಇಬ್ಬರು ಕಾಕಾಗಳನ್ನೂ ಸೇರಿಸಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಸಭೆಯನ್ನು ಅವರು ಸ್ವಲ್ಪ ಬೇಗನೆ ಕರೆದರೆಂದೇ ನನ್ನ ಅಭಿಪ್ರಾಯ. ಹಿರಿಯ ಕಾಕಾ ತಮ್ಮ ಮಗಳ ಮದುವೆಗೆ ಇದರಿಂದ ಅಡ್ಡಿಯಾಗುತ್ತದೆ ಎಂದು ಎದ್ದು ಹೋದವರು ಈಗಲೂ ನಮ್ಮ ಮನೆಗೆ ಬರುವುದು ಕಡಿಮೆ. ಕೇಂದ್ರಕ್ಕೆ ಕಡಿದಾದ ಮೆಟ್ಟಿಲು ಮಾತ್ರ ಇದ್ದು, ಮೊಣಕಾಲು ನೋವಿನ ಆಯಿಯನ್ನು ನಾವು ಹೆಚ್ಚುಕಡಿಮೆ ಹೊತ್ತೇ ಏರಿಸಬೇಕಾಯಿತು. ಕೊಡುವ ಮಾಹಿತಿ ಪುಸ್ತಿಕೆಯ ಭಾಷೆ ಕಚೇರಿಯ ಸುತ್ತೋಲೆಯಂತಿದೆ. ಸಮಾಲೋಚಕಿ ಬಾಯಲ್ಲಿ ಹೇಳುವಂತೆಯೇ ಬರೆದಿದ್ದರೆ ಅವ್ವನೂ ಓದುತ್ತಿದ್ದಳು. ಎರಡು ಭೇಟಿಗಳ ನಡುವೆ ಮನೆಯಲ್ಲಿ ಮಾತು ಕೆಟ್ಟರೆ ಫೋನಿನಲ್ಲಿ ಅವರು ಸಿಗುವುದಿಲ್ಲ, ಮತ್ತು ರಾತ್ರಿ ಹತ್ತರ ಮೇಲೆಯೇ ನಮ್ಮಲ್ಲಿ ಜಗಳಗಳು ಏಳುವುದು! ಅಂಥ ಹೊತ್ತಿನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416 ನಮಗೆ ನೆರವಾಯಿತು.

ಶುಲ್ಕ ಒಂದು ಗಂಟೆಗೆ 800 ರೂಪಾಯಿ. ಒಂದೇ ಮನೆಯ ನಾಲ್ಕು ಮಂದಿ ಬೇರೆ ಬೇರೆಯಾಗಿ ಹೋಗುವಾಗ ಇದು ಸಣ್ಣ ಮೊತ್ತವಲ್ಲ. ಇಷ್ಟು ಕೊಡಲಾಗದವರಿಗೆ ಧಾರವಾಡದಲ್ಲೇ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹಾರ್ಮೋನು ಅಥವಾ ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ಕೇಂದ್ರದವರು ಸಲಹೆ ಕೊಡದೆ, ಮನೋವೈದ್ಯರಿಗೂ ಹಾರ್ಮೋನು ತಜ್ಞರಿಗೂ ಪತ್ರ ಬರೆದುಕೊಡುತ್ತಾರೆ, ಅದು ಸರಿಯಾದ ಕ್ರಮ. ಮನೆಯಲ್ಲಿ ಹೊಡೆತ ಬಡಿತ, ಕೂಡಿಹಾಕುವುದು ನಡೆದಿದ್ದರೆ ಮಾತ್ರ ಇದು ಮೊದಲು ಹೋಗಬೇಕಾದ ಜಾಗವಲ್ಲ. ಮೊದಲು ಆ ಹುಡುಗ ಅಥವಾ ಹುಡುಗಿ ಸುರಕ್ಷಿತವಾಗಿರುವ ವ್ಯವಸ್ಥೆಯಾಗಬೇಕು. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್‌ಗೆ ಬಂದು ಇಳಿದು ಆಟೋ ಹಿಡಿಯಬಹುದು. ಶನಿವಾರ ವಿಪರೀತ ಗದ್ದಲವಿದ್ದು ಒಳಗಿನ ಮಾತು ಹೊರಗೆ ಕಾಯುವವರಿಗೆ ಕೇಳುವಂತಿರುತ್ತದೆ, ಆದ್ದರಿಂದ ವಾರದ ನಡುವಿನ ದಿನವನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.