ಪಾರ್ಕಿಗೆ ಕಸದ ಡಬ್ಬಿ: ಸ್ಟೀಲೋ, ಪ್ಲಾಸ್ಟಿಕ್ಕೋ, ಕಾಂಕ್ರೀಟೋ?

ಬಡಾವಣೆಯ ಪಾರ್ಕಿಗೋ ಬಸ್ ನಿಲ್ದಾಣಕ್ಕೋ ಡಬ್ಬಿ ಕೊಳ್ಳುವ ಮುನ್ನ ನೋಡಿಕೊಳ್ಳಿ: ನಿಮ್ಮಲ್ಲಿ ಕಾಟ ಬೆಂಕಿಯದೋ, ಕಳ್ಳರದೋ?

ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ. ಬೆಂಕಿಗೆ ಜಗ್ಗದು, ಗೀಚಿದ ಬಣ್ಣವನ್ನು ಒರೆಸಬಹುದು. ಆದರೆ ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಡಬ್ಬಿ ಮಾಯವಾಗಿ ಬರೀ ಕಂಬ ನಿಂತಿರುವುದು ಹೊಸದೇನಲ್ಲ. ಕೊಳ್ಳುವುದಾದರೆ ಬೇಗ ತುಕ್ಕು ಹಿಡಿಯುವ 202 ದರ್ಜೆಯ ಸ್ಟೀಲ್ ಅಲ್ಲ, 304 ದರ್ಜೆಯದನ್ನೇ ಕೇಳಿ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ 316 ಇನ್ನೂ ವಾಸಿ. ನಟ್ಟು ಬಿಚ್ಚಲಾಗದಂತೆ ವೆಲ್ಡ್ ಮಾಡಿಸಿ, ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ. ರಾತ್ರಿ ಕಾವಲುಗಾರನಿರುವ ಪಾರ್ಕಿಗೆ ನನ್ನ ಮತ ಇದಕ್ಕೇ.

ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಅಗ್ಗ, ತುಕ್ಕು ಹಿಡಿಯದು, ಕದ್ದವನಿಗೂ ಹೆಚ್ಚು ಗಿಟ್ಟದು. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದೇ ತೊಂದರೆ. ಒಣ ಎಲೆಗೆ ಬೆಂಕಿ ಹಚ್ಚುವ ಚಾಳಿ ಇರುವ ಕಡೆ ಬೇಡವೇ ಬೇಡ.

ಕಾಂಕ್ರೀಟಿನದು ಸುಡದು, ಹೊತ್ತೊಯ್ಯಲಾಗದು. ನಿರ್ಜನ ರಸ್ತೆಗೆ ಸರಿ. ಆದರೆ ಒಳಗೆ ಎತ್ತಿ ತೆಗೆಯುವ ತಗಡಿನ ಡಬ್ಬಿ ಇರಲೇಬೇಕು. ಇಲ್ಲದಿದ್ದರೆ ಪೌರಕಾರ್ಮಿಕರು ಕೈಹಾಕಿ ಬಾಚಬೇಕು, ಅಂಥದ್ದನ್ನು ನಾನಂತೂ ಕೊಳ್ಳೆ.

ಎಫ್‌ಆರ್‌ಪಿಯ, ಅಂದರೆ ನಾರು ಬೆರೆಸಿದ ಪ್ಲಾಸ್ಟಿಕ್ಕಿನ, ಪ್ರಾಣಿ ಬೊಂಬೆಯಂಥ ಡಬ್ಬಿಗಳು? ಮಕ್ಕಳಿಗೆ ಖುಷಿ, ಕಲ್ಲೇಟಿಗೆ ಬಿರುಕು.

ಯಾವುದೇ ತಂದರೂ ಬಾಯಿ ಕಿರಿದಾಗಿರಲಿ, ಮನೆಕಸದ ಚೀಲ ತೂರದಷ್ಟು.